ನೆಲದೊಳಗಿನ ನೀರಿನ ಲೆಕ್ಕ

ಸೇದುವ ಬಾವಿಗಳ ಕಾಲದಲ್ಲಿ ನೀರಿನ ಮಟ್ಟವನ್ನು ತಿಳಿಯಲು ಯಾವ ಉಪಕರಣವೂ ಬೇಕಿರಲಿಲ್ಲ. ಮಳೆಗಾಲ ಮುಗಿದಾಗ ನಾಲ್ಕು ಮಾರು ಸಾಕಾಗುತ್ತಿದ್ದ ಹಗ್ಗ ಬೇಸಗೆಯಲ್ಲಿ ಏಳು ಮಾರು ಬೇಕಾದರೆ, ನೀರು ಮೂರು ಮಾರು ಇಳಿಯಿತೆಂದು ಸೇದುವ ಕೈಗೇ ತಿಳಿಯುತ್ತಿತ್ತು. ಕೊಳವೆಬಾವಿ ಬಂದ ಮೇಲೆ ಈ ಅರಿವು ಮರೆಯಾಯಿತು. ಆದುದರಿಂದ ಅಂತರ್ಜಲವನ್ನು ಅಳೆದು ಬರೆದಿಡುವುದು ಇಂದು ಅಗತ್ಯವಾಗಿದೆ.

ಬ್ಯಾಡಗಿ ಮೆಣಸಿನಕಾಯಿಗೂ ರಾಣೆಬೆನ್ನೂರು ಬೀಜೋತ್ಪಾದನೆಗೂ ಹೆಸರಾದವು. ಈ ಸೀಮೆಯ ನೆಲದಡಿ ಇರುವುದು ಗಟ್ಟಿ ಶಿಲೆ. ನೀರು ಅದರ ಮೇಲಿನ ಶಿಥಿಲ ಪದರದಲ್ಲಿಯೂ ಬಿರುಕುಗಳಲ್ಲಿಯೂ ಮಾತ್ರ ನಿಲ್ಲುತ್ತದೆ. ಹಾವೇರಿ ಸಮೀಪದ ಗಣಜೂರಿನಲ್ಲಿ ಚಿನ್ನದ ಅದಿರಿನ ನಿಕ್ಷೇಪವಿರುವುದನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಇಂತಹ ನೆಲದಲ್ಲಿ ತೆರೆದ ಗಣಿಯನ್ನು ತೋಡಿದರೆ ಸುತ್ತಲಿನ ಬಾವಿಗಳ ಗತಿಯೇನು? ಗುಂಡಿಯನ್ನು ಮತ್ತೆ ಮುಚ್ಚಿದರೆ ನೀರು ಮೊದಲಿನ ಮಟ್ಟಕ್ಕೆ ಬರುವುದೇ?

ಗಣಿಯು ಅಂತರ್ಜಲದ ಮಟ್ಟಕ್ಕಿಂತ ಕೆಳಗಿಳಿದಾಗ ಸುತ್ತಲಿನ ನೀರು ಅದರೊಳಕ್ಕೆ ಒಸರುತ್ತದೆ. ಕೆಲಸ ಸಾಗಬೇಕಾದರೆ ಆ ನೀರನ್ನು ಪಂಪಿನಿಂದ ಹೊರಹಾಕಬೇಕು. ಆಗ ನೆರೆಯ ಬಾವಿಗಳ ನೀರೂ ಇಳಿಯಬಹುದು. ಪಂಪು ನಿಂತರೆ ನೀರು ಮರಳಿ ಏರುತ್ತದೆ. ಮೂರು ಸಾವಿರ ಮೀಟರಿಗೂ ಮೀರಿದ ಆಳವಿದ್ದ ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದ ಮೇಲೆ ಅವುಗಳ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಮಣ್ಣು ಕಲ್ಲುಗಳಿಂದ ಮುಚ್ಚಿದ ಗುಂಡಿಯಲ್ಲಿಯೂ ನೀರು ಏರುತ್ತದೆ. ಆದರೆ ಅದು ನಮ್ಮ ಕಣ್ಣಿಗೆ ಕಾಣುವುದಿಲ್ಲ. ತುಂಬಿದ ಕಲ್ಲಿನಲ್ಲಿ ಗಂಧಕ ಬೆರೆತ ಖನಿಜಗಳಿದ್ದರೆ, ಗಾಳಿ ನೀರುಗಳ ಸಂಪರ್ಕದಿಂದ ಆಮ್ಲವುಂಟಾಗಿ ನೀರು ಕೆಡಬಹುದು. ಆದುದರಿಂದ ಮಟ್ಟದೊಡನೆ ಗುಣವನ್ನೂ ಪರೀಕ್ಷಿಸಬೇಕು.

ಇದಕ್ಕಾಗಿ ಮುಚ್ಚಿದ ಗುಂಡಿಯಲ್ಲಿಯೂ ಅದರ ಮೇಲಿನ ಮತ್ತು ಕೆಳಗಿನ ಇಳಿಜಾರುಗಳಲ್ಲಿಯೂ ವೀಕ್ಷಣಾ ಬಾವಿಗಳನ್ನು ಕೊರೆಯುತ್ತಾರೆ. ಅಳೆಯುವ ವಿಧಾನ ಸರಳವಾದುದು. ಉಕ್ಕಿನ ಅಳತೆಪಟ್ಟಿಯ ತುದಿಗೆ ಸೀಮೆಸುಣ್ಣ ಬಳಿದು ಬಾವಿಗೆ ಇಳಿಬಿಡುತ್ತಾರೆ. ಬಾವಿಯ ಅಂಚಿನಲ್ಲಿ 12 ಮೀಟರಿನ ಗುರುತು ನಿಂತು, ತುದಿಯಲ್ಲಿ 0.4 ಮೀಟರು ನೆನೆದಿದ್ದರೆ, ನೀರು ಅಂಚಿನಿಂದ 11.6 ಮೀಟರು ಕೆಳಗಿದೆ ಎಂದರ್ಥ. ಅಂಚು ನೆಲದಿಂದ 0.6 ಮೀಟರು ಎತ್ತರವಿದ್ದರೆ ಅದನ್ನು ಕಳೆಯಬೇಕು. ಆಗ ನೆಲದಿಂದ ನೀರಿನ ಆಳ 11 ಮೀಟರು. ಪ್ರತಿ ಸಲವೂ ಅಂಚಿನ ಅದೇ ಗುರುತಿನಿಂದ ಅಳೆಯಬೇಕು. ಹತ್ತಿರದ ಪಂಪನ್ನು ಆಗತಾನೇ ನಿಲ್ಲಿಸಿದ್ದರೆ ನೀರು ಮತ್ತೆ ಏರಿ ನಿಲ್ಲುವವರೆಗೆ ಕಾಯಬೇಕು.

ಒಂದು ದಿನದ ಅಳತೆಯಿಂದ ಏನೂ ತಿಳಿಯದು. ಮಳೆಗೆ ನೀರು ಏರುವುದು, ಬೇಸಗೆಗೆ ಇಳಿಯುವುದು ಸಹಜ. ಆದುದರಿಂದಲೇ ಕೇಂದ್ರ ಅಂತರ್ಜಲ ಮಂಡಳಿಯು ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಬಾರಿ ಅಳೆಯುವ ಪದ್ಧತಿಯನ್ನಿಟ್ಟುಕೊಂಡಿದೆ.

ಎಲ್ಲಕ್ಕಿಂತ ಮುಖ್ಯವಾದುದು ಮೊದಲ ಗುದ್ದಲಿ ಬೀಳುವುದಕ್ಕೆ ಮುಂಚಿನ ಲೆಕ್ಕ. ರೈತನೊಬ್ಬನು ತನ್ನ ಬಾವಿ ಬತ್ತಿತೆಂದು ದೂರಿದಾಗ, ಕಾರಣ ಗಣಿಯೋ ಮಳೆಯ ಕೊರತೆಯೋ ಎಂಬುದನ್ನು ನಿರ್ಣಯಿಸುವುದು ಹೇಗೆ? ಗಣಿಯ ಪ್ರಭಾವ ತಲುಪದ ದೂರದ ಬಾವಿಯೊಂದರ ಲೆಕ್ಕವೂ, ಅವನದೇ ಬಾವಿಯ ಹಿಂದಿನ ವರ್ಷಗಳ ಲೆಕ್ಕವೂ ಇದ್ದರೆ ಎರಡನ್ನೂ ಹೋಲಿಸಬಹುದು. ಇಲ್ಲದಿದ್ದರೆ ಅವನ ಮಾತಿಗೆ ಸಾಕ್ಷಿಯಿಲ್ಲ. ಕಳೆದ ವರ್ಷದ ನೀರನ್ನು ಈ ವರ್ಷ ಅಳೆಯಲು ಯಾರಿಂದಲೂ ಸಾಧ್ಯವಿಲ್ಲ.

ನಿಮ್ಮ ಊರಿನಲ್ಲಿ ಇನ್ನೂ ಒಂದು ತೆರೆದ ಬಾವಿ ಉಳಿದಿದ್ದರೆ, ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ತಿಂಗಳಿಗೊಮ್ಮೆ ಅಳೆದು, ದಿನಾಂಕ ಹಾಕಿ ಬರೆದಿಡಿ. ಆ ಪುಸ್ತಕ ಮುಂದೊಂದು ದಿನ ಇಡೀ ಊರಿಗೇ ಸಾಕ್ಷಿಯಾದೀತು.