ಕಿರ್ದಿ ಪುಸ್ತಕದಲ್ಲೊಂದು ಕೊರಿಯಾದ ಕಾರು

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ನೋಟ್‌ಬುಕ್ಕು, ಲೆಕ್ಕದ ಪುಸ್ತಕಗಳ ಅಂಗಡಿ ನಡೆಸಿ, ಈಗ ಮಗನಿಗೆ ಗಲ್ಲಾಪೆಟ್ಟಿಗೆ ಒಪ್ಪಿಸಿರುವ ಹಿರಿಯರೊಬ್ಬರ ಬಳಿ ಕೆಂಪು ರಟ್ಟಿನ, ಉದ್ದನೆಯ ಕಿರ್ದಿ ಪುಸ್ತಕವೊಂದಿದೆ. ಮೊದಲ ಪುಟದ ನೆತ್ತಿಯಲ್ಲಿ ‘ಶ್ರೀ’ ಎಂದು ಬರೆದು ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ್ದಾರೆ. ಕೆಳಗೆ, ಯಾವುದೋ ಗಿರಾಕಿಯ ಹೆಸರು ಇರಬೇಕಾದಲ್ಲಿ, ದುಂಡಗಿನ ಅಕ್ಷರದಲ್ಲಿ ‘ಸ್ಯಾಂಟ್ರೋ’ ಎಂದಿದೆ. 2001ರ ವಿಜಯದಶಮಿಯಿಂದ ಇಂದಿನವರೆಗೆ ಚಾಮರಾಜಪೇಟೆಯ ಆ ಮನೆಯ ಕಾರಿಗೆ ಹಾಕಿದ ಪೆಟ್ರೋಲು, ಹಾಕಿಸಿದ ಪಂಕ್ಚರು, ಬದಲಿಸಿದ ಬಲ್ಬು ಎಲ್ಲವೂ ಅದರಲ್ಲಿ ದಾಖಲು.

ಈ ಕಾರು ತಯಾರಿಸಿದ ಕೊರಿಯಾದ ಹುಂಡೈ ಕಂಪನಿ ನಮ್ಮ ಮಧ್ಯಮ ವರ್ಗದ ಮನೆಗಳನ್ನು ಹೇಗೆ ಹೊಕ್ಕಿತು ಎಂಬುದನ್ನು ತಿಳಿಯಲು ಈ ಕಿರ್ದಿಗಿಂತ ಒಳ್ಳೆಯ ದಾಖಲೆ ಸಿಗುವುದು ಕಷ್ಟ. ಖರ್ಚಿನ ಕಡೆ ಎಲ್ಲರೂ ಬರೆಯುವಂಥದ್ದೇ ಇದೆ. ಆರಂಭದ ಪುಟಗಳಲ್ಲಿ ಲೀಟರ್ ಪೆಟ್ರೋಲು ಮೂವತ್ತು ರೂಪಾಯಿ ಆಸುಪಾಸು. ಈಚಿನ ಪುಟಗಳಲ್ಲಿ ನೂರರ ಮೇಲೆ. ವಿಶೇಷ ಇರುವುದು ಜಮಾ ಕಡೆ. ಕಾರು ದುಡಿದು ತಂದುಹಾಕುವ ವಸ್ತುವಲ್ಲ, ಬಾಡಿಗೆಗೂ ಬಿಟ್ಟಿಲ್ಲ. ಆದರೂ ಆ ಅಂಕಣವನ್ನು ಅವರು ಖಾಲಿ ಬಿಟ್ಟಿಲ್ಲ. ರೂಪಾಯಿ ಬರೆಯುವ ಜಾಗದಲ್ಲಿ ಹೋದ ಊರು, ಕೂತವರ ಹೆಸರು ಬರೆದಿದ್ದಾರೆ. ‘ಅಮ್ಮ, ಮಿಂಟೋ ಆಸ್ಪತ್ರೆ, ಕಣ್ಣಿನ ಪೊರೆ.’ ‘ಗೌರಿ ಹಬ್ಬ, ಮಲ್ಲೇಶ್ವರಕ್ಕೆ ಬಾಗಿನ.’ ‘ಮಂತ್ರಾಲಯ, ಐದು ಜನ, ದಾರಿಯಲ್ಲಿ ಮಳೆ.’ ‘ಕಡಲೆಕಾಯಿ ಪರಿಷೆ, ಬುಲ್ ಟೆಂಪಲ್ ರಸ್ತೆ ಬಂದ್, ಸುತ್ತಿಕೊಂಡು ಬಂದದ್ದು.’ ಜೂನ್ ತಿಂಗಳಲ್ಲಿ ಮಾತ್ರ ಸಾಲು ಸಾಲಾಗಿ ಒಂದೇ ಬರಹ: ‘ನೋಟ್‌ಬುಕ್ ಬಂಡಲ್.’ ಶಾಲೆ ಶುರುವಾಗುವ ಹೊತ್ತಿಗೆ ಹಿಂದಿನ ಸೀಟು ಮಡಚಿದರೆ ಅದೇ ಗೂಡ್ಸ್ ಗಾಡಿ.

“ಹೋದದ್ದನ್ನೇ ಬರೆದು ಬಂದದ್ದನ್ನ ಬರೀದಿದ್ರೆ ಅದು ಲೆಕ್ಕ ಹೇಗಾಗತ್ತೆ ಸ್ವಾಮಿ?” ಎನ್ನುತ್ತಾರೆ ಅವರು. ದೊಡ್ಡಪೇಟೆಯ ವ್ಯಾಪಾರದ ಬುದ್ಧಿ ಎಂದರೆ ಇದೇ. ಅವೆನ್ಯೂ ರಸ್ತೆಗೆ ಹಿಂದಿದ್ದ ಹೆಸರೇ ದೊಡ್ಡಪೇಟೆ. ಮೈಸೂರು ಬ್ಯಾಂಕ್ ವೃತ್ತದಿಂದ ಸಿಟಿ ಮಾರ್ಕೆಟ್ಟಿನವರೆಗೆ ಚಾಚಿಕೊಂಡು, ನಡುವೆ ಚಿಕ್ಕಪೇಟೆಯನ್ನು ಹಾಯುವ ಈ ಬೀದಿಯಲ್ಲಿ ಪಠ್ಯಪುಸ್ತಕ, ಹಳೇ ಪುಸ್ತಕ, ಬೆಳ್ಳಿ ಬಂಗಾರ, ಕಾಗದ, ಬಟ್ಟೆ ಎಲ್ಲವೂ ಉಂಟು. ಕಾರಿಗೆ ಮಾತ್ರ ಇಲ್ಲಿ ಜಾಗವಿಲ್ಲ. ತಳ್ಳುಗಾಡಿ, ಮೂಟೆ ಹೊತ್ತವರು, ಸ್ಕೂಟರುಗಳ ನಡುವೆ ಕಾರು ನುಗ್ಗಿಸುವ ಸಾಹಸವನ್ನು ಅಂಗಡಿಯವರು ಯಾರೂ ಮಾಡುವುದಿಲ್ಲ. ಹಾಗಾಗಿ ಇಲ್ಲಿನವರಿಗೆ ಕಾರು ಎಂದರೆ ವ್ಯಾಪಾರದ್ದಲ್ಲ, ಮನೆಯದು; ಹಬ್ಬ, ಆಸ್ಪತ್ರೆ, ಮದುವೆ, ದೇವಸ್ಥಾನಗಳದು. ಕೊಳ್ಳುವಾಗ ನೋಡುವುದೂ ಆ ಕಣ್ಣಿನಿಂದಲೇ.

ಈ ಕಾರನ್ನು ಆರಿಸಿದವರು ಹಿರಿಯರ ತಾಯಿ. ಆಗ ಎಂಬತ್ತು ದಾಟಿದ್ದ ಆಕೆ ಉಡುತ್ತಿದ್ದುದು ಹದಿನೆಂಟು ಮೊಳದ ಸೀರೆ. ಮನೆಯವರ ಲೆಕ್ಕಾಚಾರದಲ್ಲಿ ಇದ್ದುದು ಮಾರುತಿ 800. 1983ರ ಕೊನೆಯಲ್ಲಿ ಬಂದು ದೇಶಕ್ಕೆ ಕಾರು ಓಡಿಸುವುದನ್ನು ಕಲಿಸಿದ ಗಾಡಿ. ಅದರ ಮೇಲೆ ಯಾರಿಗೂ ಅನುಮಾನವಿರಲಿಲ್ಲ. ಆದರೆ ಅದರೊಳಗೆ ಇಳಿದು ಕೂರಬೇಕು, ಮತ್ತೆ ಏಳುವಾಗ ಯಾರಾದರೂ ಕೈ ಹಿಡಿಯಬೇಕು. ಷೋರೂಮಿನಲ್ಲಿ ಸ್ಯಾಂಟ್ರೋದ ಬಾಗಿಲು ತೆರೆದಾಗ ಆಕೆ ಸೊಂಟದ ಎತ್ತರಕ್ಕಿದ್ದ ಸೀಟಿಗೆ ಆತುಕೊಂಡು, ತಲೆ ಬಗ್ಗಿಸದೆ, ಕಾಲೆರಡನ್ನೂ ಒಳಗೆಳೆದುಕೊಂಡು ಕೂತುಬಿಟ್ಟರಂತೆ. “ಇದೇ ಆಗ್ಲಿ ಕಣೋ” ಎಂದರಂತೆ. ಅಲ್ಲಿಗೆ ಚರ್ಚೆ ಮುಗಿಯಿತು.

ಆ ಎತ್ತರ ಸುಮ್ಮನೆ ಬಂದದ್ದಲ್ಲ. ಕೊರಿಯಾದಲ್ಲಿ ‘ಆಟೋಸ್’ ಹೆಸರಿನಲ್ಲಿದ್ದ ಪುಟ್ಟ ಕಾರನ್ನು ಭಾರತಕ್ಕಾಗಿ ತಿದ್ದಿ, ಹಿಂಭಾಗದ ಆಕಾರ ಬದಲಿಸಿ ತಂದದ್ದು ಸ್ಯಾಂಟ್ರೋ. ಉದ್ದ ಸುಮಾರು ಮೂರೂವರೆ ಮೀಟರ್ ಅಷ್ಟೇ. ಉದ್ದಗಲದಲ್ಲಿ ಕಳೆದುಕೊಂಡದ್ದನ್ನು ಎತ್ತರದಲ್ಲಿ ಗಳಿಸಿಕೊಂಡ ಗಾಡಿ. 1998ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದಾಗ ನೋಡಲು ಚೆನ್ನಾಗಿಲ್ಲ ಎಂದವರು ಬಹಳ ಮಂದಿ. ಜಾಹೀರಾತಿನವರು ಅದನ್ನೇ ‘ಟಾಲ್ ಬಾಯ್’ ಎಂದು ಕರೆದು ಹೆಮ್ಮೆಯ ಮಾತಾಗಿಸಿದರು. ಹೆಸರೇ ಕೇಳದ ಕಂಪನಿಗೆ ಮುಖ ಬೇಕಿತ್ತು. ಶಾರುಖ್ ಖಾನ್ ಬಂದರು. ಆರಂಭ ಬೆಲೆ 2.99 ಲಕ್ಷ ರೂಪಾಯಿ. 999 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ನು, ಹನ್ನೆರಡು ವಾಲ್ವು, ಕಾರ್ಬ್ಯುರೇಟರ್ ಬದಲು ಪೆಟ್ರೋಲನ್ನು ಅಳೆದು ಚಿಮ್ಮಿಸುವ ಎಂಪಿಎಫ್ಐ ವ್ಯವಸ್ಥೆ. ಆ ಬೆಲೆಯಲ್ಲಿ ಇಷ್ಟು ಕೊಟ್ಟವರು ಆಗ ಕಡಿಮೆ. ಬೆಳಗಿನ ಚಳಿಯಲ್ಲಿ ಚೋಕ್ ಎಳೆದು ಗೊರಗೊರ ಎನ್ನಿಸುವ ಕೆಲಸ ತಪ್ಪಿತು ಎಂಬುದೇ ಅನೇಕರ ಮೊದಲ ನೆನಪು.

ಕಂಪನಿಯ ಮೂಲ ಕಥೆ ಅಕ್ಕಿ ವ್ಯಾಪಾರದ ತರಗುಪೇಟೆಯವರು ಕೇಳಿದರೆ ತಮ್ಮದೇ ಓಣಿಯದು ಎನ್ನುತ್ತಾರೆ. ಸ್ಥಾಪಕ ಚುಂಗ್ ಜು-ಯುಂಗ್ 1915ರಲ್ಲಿ, ಈಗ ಉತ್ತರ ಕೊರಿಯಾಕ್ಕೆ ಸೇರಿರುವ ಹಳ್ಳಿಯೊಂದರಲ್ಲಿ ಹುಟ್ಟಿದ ಬಡ ರೈತನ ಮಗ. ಹರೆಯದಲ್ಲಿ ಮತ್ತೆ ಮತ್ತೆ ಮನೆ ಬಿಟ್ಟು ಓಡಿದ. ಒಮ್ಮೆ ಅಪ್ಪ ಹಸು ಮಾರಿದ ದುಡ್ಡನ್ನೇ ಎತ್ತಿಕೊಂಡು. ಸಿಯೋಲ್‌ನಲ್ಲಿ ಅಕ್ಕಿ ಅಂಗಡಿ ಸೇರಿ ಸೈಕಲ್ಲಿನಲ್ಲಿ ಮನೆಮನೆಗೆ ಮೂಟೆ ಹಾಕಿದ, ಲೆಕ್ಕ ಚೊಕ್ಕವಾಗಿಟ್ಟ, ಕೊನೆಗೆ ಅಂಗಡಿಯೇ ಅವನ ಕೈಗೆ ಬಂತು. ಜಪಾನಿ ಆಳ್ವಿಕೆ ಅಕ್ಕಿಗೆ ರೇಷನ್ ಹೇರಿದಾಗ ಅದೂ ಮುಚ್ಚಿತು. ಆಮೇಲೆ ವಾಹನ ರಿಪೇರಿಯ ಗ್ಯಾರೇಜು, 1947ರಲ್ಲಿ ಕಟ್ಟಡ ಕಂಪನಿ, 1967ರಲ್ಲಿ ಹುಂಡೈ ಮೋಟರ್. ಮೊದಲು ಫೋರ್ಡಿನ ಕೊರ್ಟಿನಾ ಜೋಡಿಸಿದರು. 1975ರ ‘ಪೋನಿ’ ಅವರ ಸ್ವಂತ ಹೆಸರಿನ ಮೊದಲ ಕಾರು. ಆಕಾರ ಇಟಲಿಯ ಜುಜಾರೊನದು, ಎಂಜಿನ್ನು ಜಪಾನಿನ ಮಿತ್ಸುಬಿಷಿಯದು. 1986ರಲ್ಲಿ ‘ಎಕ್ಸೆಲ್’ ಕಾರನ್ನು 4,995 ಡಾಲರಿಗೆ ಅಮೆರಿಕದಲ್ಲಿ ಮಾರಿದಾಗ ಮೊದಲ ವರ್ಷವೇ ಒಂದೂವರೆ ಲಕ್ಷಕ್ಕೂ ಹೆಚ್ಚು ಖರ್ಚಾದವು. ಅಗ್ಗವೇನೋ ಹೌದು, ಬಾಳಿಕೆ ಸಾಲಲಿಲ್ಲ. ಹೆಸರು ಕೆಟ್ಟಿತು. ಅದನ್ನು ತೊಳೆದುಕೊಳ್ಳಲು ತೊಂಬತ್ತರ ದಶಕದ ಕೊನೆಯಲ್ಲಿ ಅಲ್ಲಿ ಎಂಜಿನ್ನು, ಗೇರ್‌ಬಾಕ್ಸಿಗೆ ಹತ್ತು ವರ್ಷದ ವಾರಂಟಿ ಘೋಷಿಸಬೇಕಾಯಿತು.

ಹಸುವಿನ ಸಾಲವನ್ನೂ ಚುಂಗ್ ತೀರಿಸಿದರು. 1998ರ ಜೂನ್‌ನಲ್ಲಿ, ಎಂಬತ್ತು ದಾಟಿದ ಆ ಮುದುಕ ಐನೂರು ಹಸುಗಳನ್ನು ಲಾರಿಗಳಲ್ಲಿ ತುಂಬಿಸಿಕೊಂಡು ಪನ್‌ಮುಂಜೊಮ್ ಗಡಿ ದಾಟಿ ಉತ್ತರ ಕೊರಿಯಾಕ್ಕೆ ಕೊಟ್ಟು ಬಂದರು. ಅಕ್ಟೋಬರ್‌ನಲ್ಲಿ ಮತ್ತೆ 501. ಅಂದು ಕದ್ದ ಒಂದು ಹಸುವಿನ ದುಡ್ಡಿಗೆ ಬಡ್ಡಿ ಸಮೇತ ಸಾವಿರದ ಒಂದು. ಕಿರ್ದಿಯ ಹಿರಿಯರಿಗೆ ಕಂಪನಿಯ ಮೇಲೆ ಭಕ್ತಿ ಹುಟ್ಟಿಸಿದ್ದು ಎಂಜಿನ್ನಲ್ಲ, ಈ ಸಂಗತಿ. ಈ ಎರಡು ಯಾತ್ರೆಗಳ ನಡುವೆಯೇ ನಮ್ಮಲ್ಲಿ ಸ್ಯಾಂಟ್ರೋ ಬಂದದ್ದು.

ಆ ವರ್ಷ ಕೊರಿಯಾ ದೇಶವೇ ದಿವಾಳಿಯ ಅಂಚಿನಲ್ಲಿತ್ತು. ವಿದೇಶಿ ಸಾಲ ತೀರಿಸಲು ಸುಮಾರು 35 ಲಕ್ಷ ಜನ ಮದುವೆ ಉಂಗುರ, ಮಕ್ಕಳ ಉಂಗುರ ತಂದು ಸುಮಾರು 227 ಟನ್ ಬಂಗಾರ ಒಪ್ಪಿಸಿದರು. ರಾಜಾ ಮಾರ್ಕೆಟ್ಟಿನ ಅಕ್ಕಸಾಲಿಗರಿಗೆ ಈ ಅಂಕಿ ಹೇಳಿ ನೋಡಬೇಕು. ಇಂಥ ಹೊತ್ತಿನಲ್ಲಿ ಹುಂಡೈ ಹೊರಗೆ ಗಟ್ಟಿ ನೆಲೆ ಹುಡುಕುತ್ತಿತ್ತು. 1996ರಲ್ಲಿ ಭಾರತದ ಕಂಪನಿ ಹುಟ್ಟುಹಾಕಿ, ಸ್ಥಳೀಯ ಪಾಲುದಾರರಿಲ್ಲದೆ, ಶ್ರೀಪೆರಂಬುದೂರಿನ ಬಳಿ ಕಾರ್ಖಾನೆ ಎಬ್ಬಿಸಿತು. ರಾಮಾನುಜಾಚಾರ್ಯರು ಹುಟ್ಟಿದ ಆ ಊರು ಬೆಂಗಳೂರು–ಚೆನ್ನೈ ಹೆದ್ದಾರಿಯಲ್ಲೇ ಇದೆ.

ಇದೇ ಹೊತ್ತಿಗೆ ಇನ್ನೊಂದು ಕೊರಿಯಾ ಕಾರೂ ಬಂದಿತ್ತು: ದೇವೂ ಕಂಪನಿಯ ಮಟೀಜ್. ಚೆಂದಕ್ಕೆ ಸ್ಯಾಂಟ್ರೋಗಿಂತ ಒಂದು ಕೈ ಮೇಲು. ಬಸವನಗುಡಿಯ ಎಷ್ಟೋ ಮನೆಗಳು ಅದನ್ನು ಮುದ್ದಿನಿಂದ ಸಾಕಿದ್ದವು. ಆದರೆ 1999ರಲ್ಲಿ ದೇವೂ ಸಮೂಹ ಸಾಲದಲ್ಲಿ ಕುಸಿಯಿತು. ಕೆಲವೇ ವರ್ಷಗಳಲ್ಲಿ ಇಲ್ಲಿನ ಕಾರ್ಖಾನೆಯೂ ನಿಂತಿತು. ಗಾಡಿ ಚೆನ್ನಾಗಿದ್ದೂ ಒಂದು ಕನ್ನಡಿ, ಒಂದು ಹೆಡ್‌ಲೈಟಿಗಾಗಿ ಮಾಲೀಕರು ಜೆ.ಸಿ. ರಸ್ತೆಯ ಅಂಗಡಿ ಅಂಗಡಿ ಅಲೆಯುವಂತಾಯಿತು. ಹಣಕ್ಕೆ ತಕ್ಕ ಕಾರು ಎಂದರೆ ಕೊಳ್ಳುವ ದಿನದ ಬೆಲೆಯಲ್ಲ, ಹದಿನೈದು ವರ್ಷದ ಮೇಲೂ ಕ್ಲಚ್ ಪ್ಲೇಟ್ ಸಿಗುತ್ತದೆಯೇ ಎಂಬುದು. ಸ್ಯಾಂಟ್ರೋ ಗೆದ್ದದ್ದು ಅಲ್ಲಿ.

ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯಲ್ಲಿ ಈ ಕಾರನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಒಬ್ಬರಿದ್ದಾರೆ. ಹಿರಿಯರು ಅವರನ್ನು ಭಾಯ್ ಎನ್ನುತ್ತಾರೆ, ಅವರು ಇವರನ್ನು ಯಜಮಾನ್ರೇ ಎನ್ನುತ್ತಾರೆ. ಬಾನೆಟ್ ಎತ್ತಿದರೆ ಭಾಯ್ ಮೊದಲು ನೋಡುವುದಿಲ್ಲ, ಕೇಳುತ್ತಾರೆ. ಐಡಲ್‌ನಲ್ಲಿ ಬಿಟ್ಟು ಕಣ್ಣು ಮುಚ್ಚಿ ನಿಲ್ಲುತ್ತಾರೆ. ಆಮೇಲೆ ಟೈಮಿಂಗ್ ಬೆಲ್ಟ್. ಕ್ರ್ಯಾಂಕಿನ ತಿರುಗಾಟವನ್ನು ವಾಲ್ವುಗಳಿಗೆ ಮುಟ್ಟಿಸುವ ಹಲ್ಲುಗಳ ರಬ್ಬರ್ ಪಟ್ಟಿ ಅದು; ಹೊರಗೆ ಚೆನ್ನಾಗಿ ಕಂಡರೂ ಒಳಗೆ ಬಿರುಕು ಬಿಟ್ಟಿರುತ್ತದೆ. ಅದನ್ನು ಹೊತ್ತಿಗೆ ಸರಿಯಾಗಿ ಬದಲಿಸದೆ ದುಬಾರಿ ರಿಪೇರಿಗೆ ಬಿದ್ದವರೇ ಹೆಚ್ಚು ಎಂಬುದು ಅವರ ಅನುಭವ. ನಗರದ ಗುಂಡಿಗಳ ಕೃಪೆಯಿಂದ ಸ್ಟಿಯರಿಂಗ್ ಕೆಳಗಿನಿಂದ ಬರುವ ಟಕಟಕ ಸದ್ದು, ಹಳೆಯದಾದ ಮೇಲೆ ಏಸಿ ಹಾಕಿದೊಡನೆ ಏರಿನಲ್ಲಿ ಏದುಸಿರು, ಎಥನಾಲ್ ಬೆರೆತ ಪೆಟ್ರೋಲಿಗೆ ಹಳೇ ರಬ್ಬರ್ ಪೈಪುಗಳು ತಾಳುತ್ತವೆಯೇ ಎಂಬ ಚಿಂತೆ, ಇವೆಲ್ಲ ಇತರ ಮಾಲೀಕರೂ ಹೇಳುವ ಮಾತು. ಮೈಲೇಜು ಊರೊಳಗೆ ಹನ್ನೆರಡು–ಹದಿಮೂರು, ಹೆದ್ದಾರಿಯಲ್ಲಿ ಹದಿನಾರು ಎಂದು ಕಿರ್ದಿ ಹೇಳುತ್ತದೆ. ಕಿರ್ದಿ ಉಬ್ಬಿಸಿ ಬರೆಯುವುದಿಲ್ಲ.

ಆಮೇಲಿನ ಚರಿತ್ರೆ ಚುಟುಕು. 2003ರಲ್ಲಿ 1.1 ಲೀಟರ್ ಎಂಜಿನ್ನಿನ ಸ್ಯಾಂಟ್ರೋ ಝಿಂಗ್ ಬಂತು. 2007ರಲ್ಲಿ ಐ10. 2014ರ ಕೊನೆಗೆ ಹಳೆಯ ಸ್ಯಾಂಟ್ರೋ ನಿಂತಾಗ ದೇಶದೊಳಗೇ 13 ಲಕ್ಷಕ್ಕೂ ಹೆಚ್ಚು ಮಾರಾಟವಾಗಿತ್ತು. 2018ರ ಅಕ್ಟೋಬರ್‌ನಲ್ಲಿ ಅದೇ ಹೆಸರಿನ ಹೊಸ ಕಾರು ಬಂತು. 2022ರಲ್ಲಿ ಅದೂ ನಿಂತಿತು. ಅಷ್ಟರಲ್ಲಿ ಜನರ ಮನಸ್ಸು, ಕಂಪನಿಗಳ ಲಾಭ ಎರಡೂ ದೊಡ್ಡ ಗಾಡಿಗಳ ಕಡೆ ತಿರುಗಿತ್ತು. 1998ರಲ್ಲಿ ಹುಂಡೈ ತೆಕ್ಕೆಗೆ ಬಂದ ಕಿಯಾ ಕಂಪನಿ ನಮ್ಮ ಗಡಿಯಾಚೆ, ತಾಳಿಕೋಟೆ ಯುದ್ಧದ ನಂತರ ವಿಜಯನಗರದ ಅರಸರು ನೆಲೆಸಿದ ಪೆನುಕೊಂಡದ ಬಳಿ ಕಾರ್ಖಾನೆ ಹಾಕಿತು. 2019ರ ಆಗಸ್ಟ್‌ನಲ್ಲಿ ಅಲ್ಲಿಂದ ಹೊರಬಂದ ಸೆಲ್ಟೋಸ್ ಇಂದು ಬೆಂಗಳೂರಿನ ಯಾವ ಬಡಾವಣೆಯಲ್ಲೂ ಕಾಣುತ್ತದೆ. ಚಾಮರಾಜಪೇಟೆಯ ಹಳೆಯ ಗೇಟುಗಳೊಳಗೆ ಅದನ್ನು ತೂರಿಸುವುದು ಮಾತ್ರ ಕಷ್ಟ. ಹಿರಿಯರ ಮಗನೂ ಈಗ ದೊಡ್ಡ ಗಾಡಿ ಕೊಂಡಿದ್ದಾನೆ. ಅದು ರಸ್ತೆಯಲ್ಲೇ ಮಲಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಸಣ್ಣ ಕಾರುಗಳ ಜಿಎಸ್‌ಟಿಯನ್ನು ಶೇ 28ರಿಂದ 18ಕ್ಕೆ ಇಳಿಸಿತು. ಅಷ್ಟು ಹೊತ್ತಿಗೆ ಇಳಿದ ಬೆಲೆಗೆ ಕೊಳ್ಳಲು ಸ್ಯಾಂಟ್ರೋ ಇರಲಿಲ್ಲ.

ಇರುವ ಸ್ಯಾಂಟ್ರೋಗಳನ್ನು ಉಳಿಸಿಕೊಳ್ಳುವುದೂ ದುಬಾರಿಯಾಗುತ್ತಿದೆ. ಹದಿನೈದು ವರ್ಷವಾದ ಮೇಲೆ ಐದು ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ನಿಲ್ಲಿಸಿ ನೋಂದಣಿ ನವೀಕರಿಸಬೇಕು. 2022ಕ್ಕೆ ಮೊದಲು ಆರುನೂರು ರೂಪಾಯಿ ಇದ್ದ ಶುಲ್ಕ ಐದು ಸಾವಿರವಾಯಿತು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ ಹತ್ತು ಸಾವಿರ. ಮೇಲೆ ಹಸಿರು ತೆರಿಗೆ. ಹೊಗೆ ಉಗುಳುವ ಗಾಡಿ ರಸ್ತೆ ಬಿಡಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ತಿಂಗಳಿಗೆ ನೂರಿನ್ನೂರು ಕಿಲೋಮೀಟರ್ ಓಡುವ, ಹೊಗೆ ಪರೀಕ್ಷೆಯಲ್ಲಿ ಪಾಸಾಗುವ, ಬ್ರೇಕು ಸರಿಯಿರುವ ಕಾರಿಗೆ ಹುಟ್ಟಿದ ವರ್ಷವೊಂದನ್ನೇ ನೋಡಿ ದಂಡ ಹಾಕುವುದು ನ್ಯಾಯವಲ್ಲ. ನಿವೃತ್ತರು, ಸಣ್ಣ ಅಂಗಡಿಯವರೇ ಇಂಥ ಕಾರುಗಳ ಮಾಲೀಕರು. ಶುಲ್ಕವನ್ನು ವಯಸ್ಸಿಗಲ್ಲದೆ ಗಾಡಿಯ ಸ್ಥಿತಿಗೆ ಕಟ್ಟುವ ಬಗ್ಗೆ ಸಾರಿಗೆ ಇಲಾಖೆ ಯೋಚಿಸಬೇಕು. ನಿಲ್ಲಿಸಿದ ಮಾದರಿಗಳ ಬಿಡಿಭಾಗಗಳನ್ನು ಕಂಪನಿಯೂ ಕೈಬಿಡಬಾರದು. ಮನೆ ಮುಂದೆ ಹಳೆಯ ಸ್ಯಾಂಟ್ರೋ ನಿಲ್ಲಿಸಿಕೊಂಡು ಗುಜರಿಯವನಿಗೆ ಫೋನ್ ಮಾಡಲು ಹೊರಟಿರುವವರು, ಅದಕ್ಕೂ ಮೊದಲು ಜೆ.ಸಿ. ರಸ್ತೆಯಲ್ಲಿ ಒಬ್ಬ ಒಳ್ಳೆಯ ಮೆಕ್ಯಾನಿಕ್ಕಿಗೆ ಅದರ ಎಂಜಿನ್ನಿನ ಸದ್ದು ಕೇಳಿಸಿ ಬನ್ನಿ.