ಮಂಜುಗಡ್ಡೆಯ ಮೇಲೆ ನಿಲ್ಲುವ ವಿದ್ಯೆ

ನಮ್ಮ ಶಾಲೆಗಳ ಬಯಲಿನಲ್ಲಿ ಹಾಕಿ ಆಡುವವರಿಗೆ ಓಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಕೆನಡಾ ದೇಶದ ಹುಡುಗನ ಪಾಡು ಬೇರೆ. ಅವನ ಅಂಗಳವು ಮಂಜುಗಡ್ಡೆ. ಚೆಂಡಿಗೆ ಬದಲಾಗಿ ಮೂರು ಅಂಗುಲ ಅಗಲದ ರಬ್ಬರಿನ ಬಿಲ್ಲೆ. ಪಾದರಕ್ಷೆಯ ಅಡಿಯಲ್ಲಿ ಸುಮಾರು 3 ಮಿಲಿಮೀಟರು ದಪ್ಪದ ಉಕ್ಕಿನ ಅಲಗು. ಆ ಅಲಗಿನ ಮೇಲೆ ನಿಲ್ಲುವುದೇ ಅವನ ಮೊದಲ ಪಾಠ.

ಮಂಜುಗಡ್ಡೆಯ ಮೇಲೆ ಅಲಗು ಜಾರುವುದೇಕೆ? ದೇಹದ ಒತ್ತಡದಿಂದ ಗಡ್ಡೆಯು ಕರಗುವುದೇ ಕಾರಣವೆಂದು ಬಹುಕಾಲ ಹೇಳುತ್ತಿದ್ದರು. ಆದರೆ ಒತ್ತಡವು ಕರಗುವ ಬಿಂದುವನ್ನು ತಗ್ಗಿಸುವುದು ಕೆಲವೇ ಡಿಗ್ರಿಗಳಷ್ಟು. ಅದಕ್ಕಿಂತ ಎಷ್ಟೋ ತಣ್ಣಗಿರುವ ಗಡ್ಡೆಯ ಮೇಲೂ ಜನರು ಜಾರುತ್ತಾರೆ! 1939ರಲ್ಲಿ ಬೌಡನ್ ಮತ್ತು ಹ್ಯೂಸ್ ಎಂಬ ವಿಜ್ಞಾನಿಗಳು ಘರ್ಷಣೆಯ ಶಾಖದತ್ತ ಬೆರಳು ತೋರಿದರು. ಅದೂ ಅಲ್ಲದೆ, ಗಡ್ಡೆಯ ಹೊರಮೈಯ ಅಣುಗಳು ಒಳಗಿನವುಗಳಷ್ಟು ಬಿಗಿಯಾಗಿ ಬಂಧಿತವಾಗಿಲ್ಲವೆಂಬುದನ್ನು ನಾವು ಈಗ ಬಲ್ಲೆವು.

ಅಲಗು ಉದ್ದಕ್ಕೆ ಸಲೀಸಾಗಿ ಜಾರುತ್ತದೆ, ಅಡ್ಡಕ್ಕೆ ಜಾರದು. ಅದರ ಅಡಿಯಲ್ಲಿ ತೆಳುವಾದ ತೋಡನ್ನು ಕೊರೆದು ಎರಡು ಹರಿತವಾದ ಅಂಚುಗಳನ್ನು ಮಾಡಿರುತ್ತಾರೆ. ಒಳಅಂಚು ಗಡ್ಡೆಯನ್ನು ಕಚ್ಚಿ ಹಿಡಿಯುತ್ತದೆ. ಹೊಸಬನು ನೆಲದ ಮೇಲಿನ ಅಭ್ಯಾಸದಿಂದ ಕಾಲನ್ನು ನೇರವಾಗಿ ಹಿಂದಕ್ಕೆ ಒದೆಯುತ್ತಾನೆ, ಮುಗ್ಗರಿಸುತ್ತಾನೆ. ಒದೆಯಬೇಕಾದುದು ಪಕ್ಕಕ್ಕೆ. ಮಂಡಿಯನ್ನು ಚೆನ್ನಾಗಿ ಬಾಗಿಸಿದಷ್ಟೂ ಈ ಒದೆತವು ದೀರ್ಘವಾಗುತ್ತದೆ. ಗುರುತ್ವಕೇಂದ್ರವೂ ತಗ್ಗುವುದರಿಂದ ದೇಹವು ಸ್ಥಿರವಾಗಿರುತ್ತದೆ. ನಿಲ್ಲಬೇಕಾದಾಗ ಎರಡೂ ಅಲಗುಗಳನ್ನು ಅಡ್ಡ ತಿರುಗಿಸಿ ಗಡ್ಡೆಯನ್ನು ಕೆರೆಯಬೇಕು. ಇದನ್ನು ಎಡಕ್ಕೂ ಬಲಕ್ಕೂ ಸಮನಾಗಿ ಕಲಿಯದವನು ವೇಗವನ್ನು ಕಲಿಯುವುದು ಅಪಾಯಕರವೆಂದೇ ನಮ್ಮ ಅಭಿಪ್ರಾಯ.

ಈ ಪಕ್ಕದ ಒದೆತಕ್ಕೆ ಬೆಲೆ ತೆರುವುದು ತೊಡೆಯ ಒಳಬದಿಯ ಸ್ನಾಯುಗಳು. ಹೊರಬದಿಯ ಸ್ನಾಯುಗಳು ಕಾಲನ್ನು ಎಳೆದೊಯ್ಯುತ್ತಿರುವಾಗ, ಇವು ಅದನ್ನು ತಡೆದು ಮರಳಿ ತರಬೇಕು. ಅಮೆರಿಕದ ವೃತ್ತಿನಿರತ ಆಟಗಾರರನ್ನು ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಳಸ್ನಾಯುಗಳ ಬಲವು ಹೊರಸ್ನಾಯುಗಳ ಬಲದ ಶೇಕಡ 80ಕ್ಕಿಂತ ಕಡಿಮೆಯಿದ್ದವರಿಗೆ ಉಳುಕಿನ ಸಂಭವವು 17 ಪಟ್ಟು ಹೆಚ್ಚೆಂದು ಕಂಡುಬಂದಿತು. ಅನಂತರ ಅಂತಹ ದುರ್ಬಲರಿಗೆ ಆರು ವಾರಗಳ ವ್ಯಾಯಾಮವನ್ನು ಮಾಡಿಸಲಾಯಿತು. ಹಿಂದಿನ ಎರಡು ಋತುಗಳಲ್ಲಿ ತಂಡದಲ್ಲಿ 11 ಉಳುಕುಗಳಾಗಿದ್ದವು. ಮುಂದಿನ ಎರಡರಲ್ಲಿ ಮೂರೇ ಆದವು.

ಸ್ನಾಯುವಿನ ಉಳುಕು ವಾಸಿಯಾಗುತ್ತದೆ. ತಲೆ ಮತ್ತು ಕತ್ತಿನ ಮಾತು ಹಾಗಲ್ಲ. 1968ರ ಜನವರಿಯಲ್ಲಿ ಬಿಲ್ ಮಾಸ್ಟರ್ಟನ್ ಎಂಬ ಆಟಗಾರನು ಹಿಂದಕ್ಕೆ ಬಿದ್ದಾಗ ತಲೆಯು ಗಡ್ಡೆಗೆ ಬಡಿಯಿತು. ಎರಡು ದಿನಗಳ ಬಳಿಕ ಆತನು ಮೃತನಾದನು. ಶಿರಸ್ತ್ರಾಣವನ್ನು ಧರಿಸಿರಲಿಲ್ಲ. ಆದರೂ ಆ ಲೀಗಿನಲ್ಲಿ ಹೊಸ ಆಟಗಾರರಿಗೆ ಅದು ಕಡ್ಡಾಯವಾದುದು 1979ರಲ್ಲಿ!

ಆದರೆ ಕತ್ತನ್ನು ಶಿರಸ್ತ್ರಾಣವು ಕಾಯಲಾರದು. ನಮ್ಮ ಕತ್ತಿನ ಬೆನ್ನೆಲುಬು ಸಹಜವಾಗಿ ಬಾಗಿರುವುದರಿಂದ ಹೊಡೆತವನ್ನು ಸ್ನಾಯುಗಳೊಡನೆ ಹಂಚಿಕೊಳ್ಳಬಲ್ಲದು. ತಲೆಯನ್ನು ತಗ್ಗಿಸಿದೊಡನೆ ಅದು ನೆಟ್ಟಗಿನ ಕಂಬವಾಗುತ್ತದೆ; ಆ ಸ್ಥಿತಿಯಲ್ಲಿ ನೆತ್ತಿಯು ಅಂಗಳದ ಸುತ್ತಲಿನ ಹಲಗೆಗೋಡೆಗೆ ಬಡಿದರೆ ಮೂಳೆ ಮುರಿದು ಬೆನ್ನುಹುರಿಯೇ ನಜ್ಜುಗುಜ್ಜಾಗಬಹುದು. ಆದುದರಿಂದ ಗೋಡೆಯತ್ತ ಸಾಗುವಾಗ ತಲೆಯೆತ್ತಿರಬೇಕು, ನೆತ್ತಿಗಿಂತ ಮೊದಲು ತೋಳೋ ಭುಜವೋ ತಗುಲಬೇಕು. ಬೆನ್ನ ಮೇಲೆ ಬೀಳುವಾಗಲಾದರೋ ಗಲ್ಲವನ್ನು ಎದೆಗೆ ಒತ್ತಿಕೊಳ್ಳಬೇಕು. ಎರಡೂ ಪಾಠಗಳು ಒಂದಕ್ಕೊಂದು ವಿರುದ್ಧ. ಬೀಳುವ ಗಳಿಗೆಯಲ್ಲಿ ಯೋಚಿಸಲು ಬಿಡುವಿರುವುದಿಲ್ಲ. ಎಂತಲೇ ತಿಳಿದ ಶಿಕ್ಷಕರು ಮಕ್ಕಳಿಗೆ ಬೀಳುವುದನ್ನೂ ನಿಧಾನಗತಿಯಲ್ಲಿ ಅಭ್ಯಾಸ ಮಾಡಿಸುತ್ತಾರೆ.