ಒಂದೇ ಕುಲ, ಹಲವು ಮೀನು

ಪ್ರಥಮ ಪಿಯುಸಿಯಲ್ಲಿ ಕುಲ, ಪ್ರಭೇದ ಎಂದು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತೇವೆ. ಈ ವಿಂಗಡಣೆಯಿಂದ ಏನು ಉಪಯೋಗ ಎಂದು ಕೇಳುವವರು ‘ಲ್ಯಾಟೀಸ್’ ಎಂಬ ಮೀನಿನ ಕುಲವನ್ನು ಗಮನಿಸಬೇಕು.

ಕರ್ನಾಟಕ ಕರಾವಳಿಯ ಅಳಿವೆಗಳಲ್ಲಿ ಪಂಜರ ಕಟ್ಟಿ ಸಾಕುವ ಸೀಬಾಸ್ ಈ ಕುಲದ್ದೇ. ಬಂಗಾಳದಲ್ಲಿ ಇದೇ ಭೇಟ್ಕಿ. ಇದರ ವೈಜ್ಞಾನಿಕ ಹೆಸರು ಲ್ಯಾಟೀಸ್ ಕ್ಯಾಲ್ಕರಿಫರ್. ಭಾರತದಿಂದ ಆಸ್ಟ್ರೇಲಿಯಾದವರೆಗೆ ಸಿಗುವುದೆಲ್ಲ ಒಂದೇ ಮೀನು ಎಂದು ಬಹುಕಾಲ ನಂಬಿದ್ದರು. 1984ರಲ್ಲಿ ಜಪಾನಿನ ಮೀನು ಬೇರೆ ಪ್ರಭೇದವೆಂದು ತಿಳಿಯಿತು. 2012ರಲ್ಲಿ ಶ್ರೀಲಂಕಾದ ‘ಲಕ್ದಿವ’ ಮತ್ತು ಮ್ಯಾನ್ಮಾರಿನ ‘ಉವಿಸರ’ ಬೇರೆಯಾದವು. ಬೆನ್ನಿನ ಮೂರನೇ ಮುಳ್ಳಿನ ಬುಡದಿಂದ ಪಾರ್ಶ್ವರೇಖೆಯವರೆಗೆ ಲಕ್ದಿವಕ್ಕೆ 5 ಸಾಲು ಹುರುಪೆ, ಉವಿಸರಕ್ಕೆ 7. ಇಂಥ ಸಣ್ಣ ಎಣಿಕೆಗಳೂ ಲೆಕ್ಕಕ್ಕೆ ಬರುತ್ತವೆ.

ಅಳಿದುಹೋದ ಪ್ರಭೇದಗಳ ವಿಷಯದಲ್ಲಿ ಕೆಲಸ ಇನ್ನೂ ಕಷ್ಟ. ಅಲ್ಲಿ ಹುರುಪೆ, ಬಣ್ಣ ಉಳಿದಿರುವುದು ಅಪರೂಪ, ಮೂಳೆಯನ್ನೇ ನಂಬಬೇಕು. ಈಜಿಪ್ಟಿನ ಫಯೂಮ್ ಈಗ ಮರುಭೂಮಿ. ಅಲ್ಲಿನ ಸುಮಾರು 3 ಕೋಟಿ ವರ್ಷ ಹಳೆಯ ಪದರಗಳಲ್ಲಿ ದೊರೆತ ಮೂಳೆಗಳಿಗೆ 2004ರಲ್ಲಿ ‘ಲ್ಯಾಟೀಸ್ ಕತ್ರಾನಿಯೆನ್ಸಿಸ್’ ಎಂದು ಹೆಸರಿಟ್ಟರು. ಮರಳಿನಲ್ಲಿ ಮೀನಿನ ಮೂಳೆ ಸಿಕ್ಕಿತೆಂದರೆ ಅಲ್ಲಿ ಒಮ್ಮೆ ನೀರಿತ್ತು ಎಂದೇ ಅರ್ಥ. ಮಧ್ಯ ಆಫ್ರಿಕಾದ ಎಡ್ವರ್ಡ್ ಸರೋವರದ ದಡದಲ್ಲೂ ಲ್ಯಾಟೀಸ್ ಮೂಳೆಗಳು ಸಿಕ್ಕಿವೆ, ಆದರೆ ಇಂದು ಆ ಸರೋವರದಲ್ಲಿ ಈ ಮೀನು ಇಲ್ಲ.

ಕುಲದ ದೈತ್ಯ ನೈಲ್ ಪರ್ಚ್. ಎರಡು ಮೀಟರ್ ಉದ್ದ ಬೆಳೆಯಬಲ್ಲದು. ಪ್ರಾಚೀನ ಈಜಿಪ್ಟಿನವರು ಇದನ್ನು ಪವಿತ್ರವೆಂದು ಭಾವಿಸಿ ಮಮ್ಮಿ ಮಾಡಿ ಹೂಳುತ್ತಿದ್ದರು. ಎಸ್ನಾ ಪಟ್ಟಣವನ್ನು ಗ್ರೀಕರು ಲ್ಯಾಟೊಪೊಲಿಸ್, ಅಂದರೆ ಲ್ಯಾಟೀಸ್ ಮೀನಿನ ಊರು, ಎಂದೇ ಕರೆದರು.

ಇದೇ ಮೀನನ್ನು 1950–60ರ ದಶಕಗಳಲ್ಲಿ ವಿಕ್ಟೋರಿಯಾ ಸರೋವರಕ್ಕೆ ತಂದು ಬಿಟ್ಟರು. ಟಾಂಗನಿಕಾ ಸರೋವರದಲ್ಲಿ ಇದೇ ಕುಲದ ನಾಲ್ಕು ಪ್ರಭೇದಗಳು ಮೂಲದಿಂದಲೂ ಇವೆ; ಅಲ್ಲಿನ ಸಣ್ಣ ಸಿಕ್ಲಿಡ್ ಮೀನುಗಳು ಅವುಗಳ ಜೊತೆಗೇ ವಿಕಾಸಗೊಂಡವು. ವಿಕ್ಟೋರಿಯಾದ ಸಿಕ್ಲಿಡ್‌ಗಳಿಗೆ ಇಂಥ ದೊಡ್ಡ ಬೇಟೆಗಾರನ ಪರಿಚಯವೇ ಇರಲಿಲ್ಲ. 1980ರ ದಶಕದಲ್ಲಿ ನೈಲ್ ಪರ್ಚ್ ಸಂಖ್ಯೆ ಒಮ್ಮೆಲೇ ಏರಿತು. ನೀರಿನ ಮಾಲಿನ್ಯವೂ ಸೇರಿ, ಸುಮಾರು 200 ಸಿಕ್ಲಿಡ್ ಪ್ರಭೇದಗಳು ಕಣ್ಮರೆಯಾದವೆಂದು ಅಂದಾಜು. ನೈಲ್ ಪರ್ಚ್ ಮಾತ್ರ ಯೂರೋಪಿಗೆ ರಫ್ತಾಗಿ ದಡದ ಊರುಗಳಿಗೆ ಹಣ ತಂದಿತು. ಹಾಗಾಗಿ ಅದನ್ನು ಬರೀ ಖಳನಾಯಕ ಎಂದರೆ ಅಲ್ಲಿನ ಬೆಸ್ತರು ಒಪ್ಪಲಿಕ್ಕಿಲ್ಲ.